ರಾಮಗಢವಿಲ್ಲದ ರಾಮನಗರ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟ ಪಯಣಿಗನು ಬಿಡದಿಯನ್ನು ದಾಟಿ ಕೆಲವು ಮೈಲಿ ಸಾಗುವಷ್ಟರಲ್ಲಿ, ಅದುವರೆಗೆ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ತೆಂಗಿನ ಸಾಲುಗಳಿಂದ ಸೌಮ್ಯವಾಗಿ ತೋರುತ್ತಿದ್ದ ನೆಲವು ತನ್ನ ಸ್ವಭಾವವನ್ನೇ ಬದಲಿಸಿಕೊಂಡು, ಬಲಗಡೆಯ ದಿಗಂತದಲ್ಲಿ ಬೋಳು ಬಂಡೆಗಳ ಗುಡ್ಡಸಾಲಾಗಿ ಎದ್ದು ನಿಲ್ಲುತ್ತದೆ. ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಆ ಘಳಿಗೆಯಲ್ಲಿ ಯಾರಾದರೊಬ್ಬರು ಕಿಟಕಿಯತ್ತ ಕೈಚಾಚಿ, ಪಕ್ಕದಲ್ಲಿ ಕುಳಿತ ಮಗುವಿಗೋ ದೂರದೂರಿನಿಂದ ಬಂದ ನಂಟರಿಗೋ “ಅದೇ ನೋಡಿ, ಶೋಲೆ ಬೆಟ್ಟ” ಎಂದು ತೋರಿಸುವುದು ತಪ್ಪುವುದಿಲ್ಲ. ಹಾಗೆ ತೋರಿಸುವವರಿಗೆ ಅಲ್ಲಿ ಪಟ್ಟಾಭಿರಾಮನ ಗುಡಿಯಿರುವುದೂ, ಸೀಮೆಯ ಜನ ಅದನ್ನು ತಲೆತಲಾಂತರದಿಂದ ರಾಮದೇವರ ಬೆಟ್ಟವೆಂದು ಕರೆದುಕೊಂಡು ಬಂದಿರುವುದೂ ತಿಳಿಯದ ಸಂಗತಿಯೇನಲ್ಲ. ಆದರೂ ನಾಲಗೆಗೆ ಮೊದಲು ಬರುವುದು ದೇವರ ಹೆಸರಲ್ಲ. ಅರ್ಧ ಶತಮಾನದ ಹಿಂದೆ ಮುಂಬಯಿಯಿಂದ ಬಂದು, ಇಲ್ಲಿ ಬಿಡಾರ ಹೂಡಿ, ಕೆಲಸ ಮುಗಿದೊಡನೆ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ ಒಂದು ಹಿಂದೀ ಚಲಚ್ಚಿತ್ರದ ಹೆಸರು.

ಆ ಚಿತ್ರದ ಕಥೆಯನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲ. ಗಬ್ಬರ್ ಸಿಂಗನೆಂಬ ದರೋಡೆಗಾರನಿಂದ ತನ್ನ ಸಂಸಾರವನ್ನೂ ಎರಡು ಕೈಗಳನ್ನೂ ಕಳೆದುಕೊಂಡ ಠಾಕೂರನೆಂಬ ಮಾಜಿ ಪೊಲೀಸು ಅಧಿಕಾರಿಯು, ಸೇಡು ತೀರಿಸಿಕೊಳ್ಳುವುದಕ್ಕಾಗಿ ಇಬ್ಬರು ಪುಂಡರನ್ನು ತನ್ನ ಹಳ್ಳಿಗೆ ಕರೆತರುವ ವೃತ್ತಾಂತವದು. ಜಿ.ಪಿ. ಸಿಪ್ಪಿಯವರು ನಿರ್ಮಾಪಕರು, ಅವರ ಮಗ ರಮೇಶ್ ಸಿಪ್ಪಿಯವರು ನಿರ್ದೇಶಕರು. ಕಥೆ ಸಂಭಾಷಣೆಗಳು ಸಲೀಮ್–ಜಾವೇದ್ ಜೋಡಿಯವು. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣಕ್ಕೆ ತೊಡಗಿ, 1975ರ ಆಗಸ್ಟ್ 15ರಂದು, ದೇಶವು ತುರ್ತುಪರಿಸ್ಥಿತಿಯಲ್ಲಿದ್ದ ಕಾಲದಲ್ಲಿ, ಅದನ್ನು ತೆರೆಗೆ ತಂದರು. ಮೊದಲ ಕೆಲವು ದಿನ ವಿಮರ್ಶಕರು ಮೂಗು ಮುರಿದರು, ವ್ಯಾಪಾರದವರು ನಿಟ್ಟುಸಿರು ಬಿಟ್ಟರು. ತರುವಾಯ ಬಾಯಿಂದ ಬಾಯಿಗೆ ಹರಡಿದ ಮಾತಿನ ಬಲದಿಂದಲೇ ಎದ್ದುನಿಂತ ಆ ಚಿತ್ರವು ಮುಂಬಯಿಯ ಮಿನರ್ವಾ ಚಿತ್ರಮಂದಿರವೊಂದರಲ್ಲಿಯೇ ಐದು ವರ್ಷಗಳಿಗೂ ಮಿಕ್ಕಿ ನಡೆಯಿತು. ಹಾಡುಗಳಂತೆಯೇ ಸಂಭಾಷಣೆಗಳನ್ನೂ ಧ್ವನಿಮುದ್ರಿಕೆಗಳಾಗಿ ಮಾರಿದ ಕಾರಣ, ಹಿಂದೀ ಭಾಷೆಯ ಗಂಧವಿಲ್ಲದ ನಮ್ಮ ಹಳ್ಳಿಗಾಡಿನ ಹುಡುಗರೂ ಗಬ್ಬರ್ ಸಿಂಗನ ಗರ್ಜನೆಯನ್ನು ಏರಿಳಿತಗಳ ಸಮೇತ ಬಾಯಿಪಾಠ ಮಾಡಿಕೊಂಡಿದ್ದರು.

ಚಂಬಲ್ ಕಣಿವೆಯ ಕಥೆಯಂತಿರುವ ಈ ಚಿತ್ರಕ್ಕೆ ಮೈಸೂರು ಸೀಮೆಯ ಬಂಡೆಗಳೇಕೆ ಬೇಕಾದುವು ಎಂಬ ಪ್ರಶ್ನೆ ಸಹಜವಾದುದು. ಅದುವರೆಗೆ ಹಿಂದಿಯಲ್ಲಿ ಬಂದ ದರೋಡೆಕೋರರ ಚಿತ್ರಗಳಿಗೆಲ್ಲ ಉತ್ತರದ ಮಣ್ಣಿನ ಕಂದರಗಳೂ ಮರುಭೂಮಿಯೂ ಹಿನ್ನೆಲೆಯಾಗಿದ್ದುವು. ಪ್ರೇಕ್ಷಕನು ಆ ನೋಟವನ್ನು ಕಂಡು ಕಂಡು ಬೇಸತ್ತಿರುವನೆಂದು ಬಗೆದ ನಿರ್ದೇಶಕರು ಯಾರೂ ಕಾಣದ ನೆಲವೊಂದನ್ನು ಬಯಸಿದರು. ಅದನ್ನು ಹುಡುಕಿಕೊಂಡು ದಕ್ಷಿಣಕ್ಕೆ ಬಂದ ಕಲಾನಿರ್ದೇಶಕ ರಾಮ್ ಯೇಡೇಕರ್ ಅವರಿಗೆ ಈ ಗುಡ್ಡಗಳು ಮೆಚ್ಚುಗೆಯಾದುವು. ಅವುಗಳ ಯೋಗ್ಯತೆಯನ್ನು ಹೆಚ್ಚಿಸಿದ ಮತ್ತೊಂದು ಕಾರಣವೂ ಉಂಟು. ಸಾಮಾನ್ಯವಾದ 35 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದ ಚಿತ್ರವನ್ನು 70 ಮಿಲಿಮೀಟರಿಗೆ ಹಿಗ್ಗಿಸಿ ವಿಶಾಲವಾದ ತೆರೆಯ ಮೇಲೆ ತೋರಿಸುವುದು ಅವರ ಸಂಕಲ್ಪವಾಗಿದ್ದಿತು. ಅಂಥ ತೆರೆಯ ಮೇಲೆ ಮನುಷ್ಯನ ಮುಖವೊಂದೇ ನಿಂತರೆ ಎಡಬಲಗಳೆರಡೂ ಬರಿದಾಗಿ ತೋರುತ್ತವೆ. ಆ ಬರಿದನ್ನು ತುಂಬುವುದಕ್ಕೆ ತಾವಾಗಿಯೇ ಗಂಭೀರವಾದ, ಅಂಚು ಸ್ಪಷ್ಟವಾದ, ನೆರಳು ಬೆಳಕುಗಳನ್ನು ತಮ್ಮ ಮೈಮೇಲೆ ಹಂಚಿಕೊಳ್ಳಬಲ್ಲ ಆಕೃತಿಗಳು ಬೇಕು. ರಾಮನಗರದ ಬಂಡೆಗಳಿಗೆ ಆ ಗುಣವು ಹುಟ್ಟಿನಿಂದಲೇ ಬಂದಿದೆ.

ಸ್ಥಳವು ನಿಶ್ಚಯವಾದ ಮೇಲೆ ಹೆದ್ದಾರಿಯಿಂದ ಬೆಟ್ಟದ ಬುಡದ ತನಕ ರಸ್ತೆಯನ್ನು ಕಡಿದರು. ಮನೆ, ಬೀದಿ, ಗುಡಿ, ಮಸೀದಿ, ಠಾಕೂರನ ಮನೆ, ಧರ್ಮೇಂದ್ರರು ಕುಡಿದು ಹತ್ತಿ ನಿಂತು ಬೆದರಿಸುವ ಆ ನೀರಿನ ತೊಟ್ಟಿ, ಹೀಗೆ ಒಂದು ಹಳ್ಳಿಗೆ ಬೇಕಾದ ಸಮಸ್ತವನ್ನೂ ಮರ, ಗಾರೆ, ಬಣ್ಣಗಳಿಂದ ನಿರ್ಮಿಸಿ ಅದಕ್ಕೆ ರಾಮಗಢವೆಂದು ಹೆಸರಿಟ್ಟರು. ಸುತ್ತಲಿನ ಊರುಗಳ ಜನ ದಿನಗೂಲಿಗೆ ಬಂದು ಆ ಹಳ್ಳಿಯ ಪ್ರಜೆಗಳಾದರು. ರೇಷ್ಮೆಗೂಡಿನ ಬೆಲೆಯನ್ನೂ ಮಳೆಯ ಹದವನ್ನೂ ಮಾತಾಡಿಕೊಂಡಿದ್ದ ರೈತನು, ಬೆಳಗಾದರೆ ಪೇಟ ಸುತ್ತಿಕೊಂಡು ಗಬ್ಬರನಿಗೆ ಹೆದರುವ ಉತ್ತರದೇಶದ ಗ್ರಾಮಸ್ಥನಾಗಿ, ಸಂಜೆಯಾದರೆ ಕೂಲಿಯನ್ನು ಎಣಿಸಿಕೊಂಡು ಮತ್ತೆ ಕನ್ನಡಿಗನಾಗಿ ಮನೆಗೆ ಮರಳುತ್ತಿದ್ದನು.

ಚಿತ್ರೀಕರಣವು ದೀರ್ಘವಾಗಿ ಲಂಬಿಸಿದುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ವಿಧವೆಯಾದ ಸೊಸೆಯು ಮುಸ್ಸಂಜೆಯಲ್ಲಿ ಜಗಲಿಯ ದೀಪಗಳ ಬಳಿ ಒಬ್ಬಳೇ ನಡೆಯುತ್ತಿರುವಾಗ, ಎದುರು ಮನೆಯ ಮೆಟ್ಟಿಲ ಮೇಲೆ ಕುಳಿತ, ಆ ಇಬ್ಬರು ಪುಂಡರಲ್ಲೊಬ್ಬನಾದ ಜಯ್ ಬಾಯಿವಾದ್ಯವನ್ನು ನುಡಿಸುವ ದೃಶ್ಯವು ಚಿತ್ರವನ್ನು ಕಂಡವರೆಲ್ಲರ ನೆನಪಿನಲ್ಲಿ ಉಳಿದಿರತಕ್ಕದ್ದು. ತೆರೆಯ ಮೇಲೆ ಒಂದೆರಡು ನಿಮಿಷಗಳಲ್ಲಿ ಕಳೆದುಹೋಗುವ ಆ ದೃಶ್ಯಕ್ಕೆ ಇಪ್ಪತ್ತು ದಿನಗಳು ಹಿಡಿದುವಂತೆ. ಸೂರ್ಯನು ಬೆಟ್ಟದ ಹಿಂದೆ ಇಳಿದು ಕತ್ತಲೆ ಕವಿಯುವ ಮುನ್ನ, ಆಕಾಶದಲ್ಲಿ ಬೆಳಕು ಉಳಿದೂ ನೆಲದ ಮೇಲೆ ನೆರಳು ಅಳಿದೂ ಇರುವ ಆ ಸಂಧಿಕಾಲವು ಕೆಲವೇ ನಿಮಿಷಗಳದು. ಛಾಯಾಗ್ರಾಹಕರಾದ ದ್ವಾರಕಾ ದಿವೇಚಾ ಅವರೂ ನಿರ್ದೇಶಕರೂ ಆ ಬೆಳಕಲ್ಲದೆ ಬೇರೆ ಬೆಳಕನ್ನು ಒಲ್ಲೆವೆಂದು ಹಟ ಹಿಡಿದುದರಿಂದ, ದಿನವೆಲ್ಲ ಸಿದ್ಧತೆ ನಡೆಸಿ, ಸಂಜೆ ಒಂದೆರಡು ತುಣುಕುಗಳನ್ನು ತೆಗೆದುಕೊಂಡು, ಮಿಕ್ಕುದಕ್ಕೆ ನಾಳೆಯ ಸಂಜೆಯನ್ನು ಕಾಯಬೇಕಾಗುತ್ತಿದ್ದಿತು. ಇಂದಿಗೂ ಬೆಟ್ಟದ ತಪ್ಪಲಲ್ಲಿ ಸಾಯಂಕಾಲ ನಿಂತವನು, ಬಂಡೆಗಳು ಮೊದಲು ಕೆಂಪಾಗಿ, ಆಮೇಲೆ ಬೂದಿಯ ಬಣ್ಣ ತಳೆದು, ಕೊನೆಗೆ ಕಪ್ಪಾಗಿ ಕಾಣುವ ಆ ಅಲ್ಪಾವಧಿಯನ್ನು ನೋಡಿದನಾದರೆ, ಅವರ ಹಟವು ವ್ಯರ್ಥವಾದುದಲ್ಲವೆಂದು ಒಪ್ಪುವನು. ಚಿತ್ರದಲ್ಲಿ ಕಂಡದ್ದರೊಳಗೆ ಇಲ್ಲಿ ಉಳಿದಿರುವುದು ಅದೊಂದೇ.

ಏಕೆಂದರೆ ರಾಮಗಢವು ಈಗಿಲ್ಲ. ಚಿತ್ರ ಮುಗಿದ ಬಳಿಕ ಸೆಟ್ಟನ್ನು ಬಿಚ್ಚಿದರು. ಗುಡಿಯ ಗೋಪುರವಾಗಲಿ, ಠಾಕೂರನ ಜಗಲಿಯಾಗಲಿ, ಆ ನೀರಿನ ತೊಟ್ಟಿಯಾಗಲಿ, ಒಂದರ ಕುರುಹೂ ದೊರೆಯುವುದಿಲ್ಲ. ಸತ್ಯವನ್ನು ನುಡಿಯುವುದಾದರೆ ಅದು ಪೂರ್ಣವಾಗಿ ಇಲ್ಲಿ ಇದ್ದುದೂ ಅಲ್ಲ. ಚಿತ್ರದ ಆರಂಭದಲ್ಲಿ ಕುದುರೆ ಸವಾರರು ಗೂಡ್ಸು ರೈಲನ್ನು ಅಟ್ಟಿಸಿಕೊಂಡು ಬರುವ ಪ್ರಸಂಗವನ್ನು ತೆಗೆದದ್ದು ಇಲ್ಲಿಂದ ನೂರಾರು ಮೈಲಿ ಆಚೆ, ಮುಂಬಯಿ–ಪುಣೆ ಮಾರ್ಗದ ಪನವೇಲಿನ ಸಮೀಪದಲ್ಲಿ. ಅದೊಂದಕ್ಕೇ ಏಳು ವಾರಗಳು ಹಿಡಿದುವು. ಅಲ್ಲಿಯ ಹಳಿ, ಇಲ್ಲಿಯ ಬಂಡೆ, ಸ್ಟುಡಿಯೋದ ಗೋಡೆ, ಇವನ್ನು ಕತ್ತರಿಸಿ ಅಂಟಿಸಿದ ಮೇಲೆ ಸಂಕಲನಕಾರನ ಮೇಜಿನ ಮೇಲೆ ಹುಟ್ಟಿದ ಊರು ಅದು. ಭೂಪಟದಲ್ಲಿ ಅದಕ್ಕೆ ಸ್ಥಾನವಿಲ್ಲ. ಹೀಗಿದ್ದೂ ಜನ ಅದನ್ನು ನೋಡುವುದಕ್ಕೆ ಬರುತ್ತಾರೆ, ಐವತ್ತು ವರ್ಷಗಳಿಂದ ಬರುತ್ತಲೇ ಇದ್ದಾರೆ. ನೋಡಬಂದ ವಸ್ತು ಇಲ್ಲಿಲ್ಲ, ಇಲ್ಲಿರುವ ವಸ್ತುವನ್ನು ನೋಡುವವರು ವಿರಳ: ಶೋಲೆ ಬೆಟ್ಟದ ಯಾತ್ರೆಯ ವೈಚಿತ್ರ್ಯವೆಲ್ಲ ಇಷ್ಟರಲ್ಲಿಯೇ ಅಡಗಿದೆಯೆಂದು ನನ್ನ ಅಭಿಪ್ರಾಯ.

ರಜಾದಿನದ ಬೆಳಿಗ್ಗೆ ಅಲ್ಲಿಗೆ ಹೋದರೆ ಯಾತ್ರಿಕರ ವಿಧಿವಿಧಾನಗಳನ್ನು ಕಣ್ಣಾರೆ ಕಾಣಬಹುದು. ಬೆಂಗಳೂರಿನಿಂದ ಬೈಕುಗಳಲ್ಲಿ ಬಂದ ತರುಣರ ಗುಂಪೊಂದು ಎತ್ತರವಾದ ಬಂಡೆಯನ್ನು ಆರಿಸಿಕೊಳ್ಳುತ್ತದೆ. ಒಬ್ಬನು ಸೊಂಟದ ಬೆಲ್ಟನ್ನು ಬಿಚ್ಚಿ ಕೈಗೆ ಸುತ್ತಿಕೊಂಡು ಅತ್ತಿಂದಿತ್ತ ಅಡ್ಡಾಡುತ್ತಾನೆ, ಮೂವರು ತಲೆತಗ್ಗಿಸಿ ಸಾಲಾಗಿ ನಿಲ್ಲುತ್ತಾರೆ, ಮತ್ತೊಬ್ಬನು ಮೊಬೈಲಿನಲ್ಲಿ ಅದನ್ನು ಸೆರೆಹಿಡಿಯುತ್ತಾನೆ. ಬಂದವರು ಎಷ್ಟು ಮಂದಿಯೆಂದು ಕೇಳುವ ಆ ಪ್ರಸಿದ್ಧವಾದ ಪ್ರಶ್ನೆಯು ಕಣಿವೆಯಲ್ಲಿ ಮಾರ್ದನಿಗೊಂಡು, ಎದುರಿನ ಗುಡ್ಡಕ್ಕೆ ತಾಗಿ ಹಿಂದಿರುಗುತ್ತದೆ. ಗಬ್ಬರನ ಅಡ್ಡೆ ಯಾವುದು, ಚಿತ್ರದ ನಾಯಕಿ ಬಸಂತಿಯು ಗಾಜಿನ ಚೂರುಗಳ ಮೇಲೆ ಕುಣಿದ ಬಂಡೆ ಯಾವುದು ಎಂದು ದಾರಿಯಲ್ಲಿ ಸಿಕ್ಕವರನ್ನು ಕೇಳಿ ನೋಡಿ: ಕಡಲೆಕಾಯಿ ಮಾರುವವನು ಒಂದನ್ನು ತೋರಿಸಿದರೆ ಆಟೋದವನು ಇನ್ನೊಂದನ್ನು ತೋರಿಸುತ್ತಾನೆ, ತನ್ನ ಅಪ್ಪ ಆ ಗುಂಪಿನಲ್ಲಿ ನಿಂತಿದ್ದನೆಂದು ಹೇಳುವ ಮೂರನೆಯವನು ಅವರಿಬ್ಬರನ್ನೂ ಅಲ್ಲಗಳೆದು ಮತ್ತೆಲ್ಲಿಗೋ ಕೈತೋರುತ್ತಾನೆ. ಮೂವರ ಮಾತೂ ಪ್ರವಾಸಿಗನಿಗೆ ಸಮಾನವಾಗಿ ತೃಪ್ತಿಕರವೇ. ಕಾಶಿಯಲ್ಲಿಯೂ ಹಂಪೆಯಲ್ಲಿಯೂ ಸ್ಥಳನಿರ್ದೇಶನವು ಇದಕ್ಕಿಂತ ಹೆಚ್ಚು ಕರಾರುವಾಕ್ಕಾಗಿ ನಡೆಯುವುದೆಂದು ನಾನು ಹೇಳಲಾರೆ.

ಪರದೇಶದವರ ಕಣ್ಣಿಗೆ ಈ ಬೆಟ್ಟಗಳು ಬಿದ್ದದ್ದು ಸಿಪ್ಪಿಯವರ ಕಾಲದಲ್ಲಿಯೇ ಮೊದಲಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಸಾವನದುರ್ಗವನ್ನು ಹಿಡಿದಾಗ, ಅದರ ಜೊತೆಗೆ ಈ ಸೀಮೆಯ ಚಿಕ್ಕಪುಟ್ಟ ಗಿರಿದುರ್ಗಗಳೂ ಟಿಪ್ಪುವಿನ ಕೈತಪ್ಪಿದುವು. ಆ ದಂಡಿನೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ತಾನು ಕಂಡ ಕೋಟೆ ಕೊತ್ತಲಗಳನ್ನೂ ಬಂಡೆಗಳನ್ನೂ ಬರೆದುಕೊಂಡು ಹೋಗಿ, 1794ರಲ್ಲಿ ಚಿತ್ರಸಂಪುಟವೊಂದನ್ನು ಪ್ರಕಟಪಡಿಸಿದನು. ಟಿಪ್ಪುವಿನ ದೇಶವು ಹೇಗಿದೆಯೆಂಬ ಕುತೂಹಲವನ್ನು ಇಂಗ್ಲೆಂಡಿನ ಶ್ರೀಮಂತರು ಆ ಪುಟಗಳಿಂದ ತಣಿಸಿಕೊಂಡರು. ಅದಾದ ಮೇಲೆ ಎರಡು ಶತಮಾನಗಳಿಗೆ ಸಮೀಪಿಸಿ, ಡೇವಿಡ್ ಲೀನ್ ಎಂಬ ಆಂಗ್ಲ ನಿರ್ದೇಶಕನು ಇ.ಎಂ. ಫಾರ್ಸ್ಟರನ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಚಿತ್ರವಾಗಿಸಲು ಹೊರಟಾಗ, ಬಿಹಾರದಲ್ಲಿ ನಡೆಯುವ ಕಥೆಯ ಮರಬಾರ್ ಗುಹೆಗಳಿಗೆ ತಕ್ಕ ಹಿನ್ನೆಲೆಯನ್ನು ಸಾವನದುರ್ಗದಲ್ಲಿಯೂ ರಾಮದೇವರ ಬೆಟ್ಟದಲ್ಲಿಯೂ ಕಂಡುಕೊಂಡನು; ಆ ಚಿತ್ರ 1984ರಲ್ಲಿ ಬಂದಿತು. ಚಂಬಲ್ಲಿನ ವೇಷವನ್ನೊಮ್ಮೆ, ಬಿಹಾರದ ವೇಷವನ್ನೊಮ್ಮೆ ತೊಟ್ಟ ಈ ಗುಡ್ಡಗಳಿಗೆ ತಮ್ಮ ಸ್ವಂತ ಪಾತ್ರವನ್ನು ಅಭಿನಯಿಸುವ ಅವಕಾಶ ಮಾತ್ರ ದೊರೆತದ್ದು ಕಡಿಮೆ.

ಕೆಳಗಿನ ಊರಿಗೂ ಅದೇ ಹಣೆಬರಹ. ಟಿಪ್ಪುವಿನ ದಿನಗಳಲ್ಲಿ ಅದು ಶಂಷೇರಾಬಾದು. ಪೂರ್ಣಯ್ಯನವರ ಆಡಳಿತದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಗೌರವಾರ್ಥವಾಗಿ ಕ್ಲೋಸ್‌ಪೇಟೆ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರ. 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರೂ ಬಂದಿತು. ದೊರೆಗಳೂ ದಿವಾನರೂ ಮಂತ್ರಿಗಳೂ ಕೊಟ್ಟ ಹೆಸರುಗಳ ಪೈಕಿ ಕ್ಲೋಸ್‌ಪೇಟೆಯೊಂದು ಮಾತ್ರ ಊರನ್ನು ಬಿಟ್ಟು ಬಂಡೆಯನ್ನು ಹಿಡಿದು ಉಳಿದುಕೊಂಡಿದೆ. ಈ ಗುಡ್ಡಗಳ ಶಿಲೆಗೆ ಪ್ರಪಂಚದ ಭೂವಿಜ್ಞಾನಿಗಳೆಲ್ಲ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೆಂದೇ ಹೇಳುತ್ತಾರೆ.

ಆ ಶಿಲೆಯ ವಿಚಾರದಲ್ಲಿ ಸ್ವಲ್ಪ ನಿಧಾನಿಸಬೇಕು. ಕರ್ನಾಟಕದ ನಡುವೆ ದಕ್ಷಿಣೋತ್ತರವಾಗಿ, ಕನಕಪುರದ ಸೀಮೆಯಿಂದ ಬಳ್ಳಾರಿಯ ಕಡೆಗೆ, ಸುಮಾರು 400 ಕಿಲೋಮೀಟರು ಉದ್ದಕ್ಕೆ ಹಬ್ಬಿರುವ ಪಟ್ಟಿಯಿದು. ಭೂಮಿಯ ಒಡಲಲ್ಲಿ ಕರಗಿದ್ದ ಶಿಲಾದ್ರವವು ಮೇಲೇರಿ, ಹೊರಗೆ ಉಕ್ಕದೆ ಒಳಗೇ ತಂಗಿ, ಅತ್ಯಂತ ನಿಧಾನವಾಗಿ ತಣಿದು ಗಟ್ಟಿಯಾದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ; ಪ್ರಾಣಿಯೆಂಬುದಾಗಲಿ ಹುಲ್ಲುಕಡ್ಡಿಯೆಂಬುದಾಗಲಿ ಆಗ ಭೂಮಿಯ ಮೇಲೆ ಇರಲಿಲ್ಲ. ತಣಿಯುವುದು ನಿಧಾನವಾದಷ್ಟೂ ಹರಳುಗಳು ದೊಡ್ಡವಾಗಿ ಬೆಳೆಯುತ್ತವೆ. ಮೆಟ್ಟಿಲ ದಾರಿಯಲ್ಲಿ ಯಾವ ಬಂಡೆಯ ಮೇಲಾದರೂ ಅಂಗೈಯಿಟ್ಟು ಹತ್ತಿರದಿಂದ ನೋಡಿದರೆ, ಬೂದು ಬಣ್ಣದ ನುಣುಪಾದ ಹಿನ್ನೆಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು, ಕೆಲವೆಡೆ ಅದಕ್ಕಿಂತ ಉದ್ದವಾದ, ನಸುಗೆಂಪಿನ ಫೆಲ್ಡ್‌ಸ್ಪಾರ್ ಹರಳುಗಳು ಉಪ್ಪಿಟ್ಟಿನೊಳಗಿನ ಅವರೆಕಾಳಿನಂತೆ ಎದ್ದು ಕಾಣುತ್ತವೆ. ನಡುನಡುವೆ ಅಭ್ರಕದ ಚೂರುಗಳು ಬಿಸಿಲಿಗೆ ಮಿನುಗುತ್ತವೆ. ಬಂಡೆಗೆ ಸಂಜೆಯ ಕೆಂಪು ಇಷ್ಟೊಂದು ಒಪ್ಪುವುದು ಈ ನಸುಗೆಂಪು ಹರಳುಗಳ ದೆಸೆಯಿಂದ. ಮೇಲಿದ್ದ ಮಣ್ಣೂ ಕಲ್ಲೂ ಯುಗಯುಗಾಂತರಗಳಲ್ಲಿ ಕೊಚ್ಚಿಹೋಗಿ ಭಾರವು ಇಳಿದ ಮೇಲೆ, ಒಳಗಿನ ಶಿಲೆಯು ಹಿಗ್ಗಿ, ಪದರುಪದರಾಗಿ ಬಿರಿದು, ಹೊರಗಿನ ಸಿಪ್ಪೆಗಳು ಕಳಚಿ ಬಿದ್ದು, ಇಂದು ಕಾಣುವ ಗುಂಡಾದ ನೆತ್ತಿಗಳೂ ನೆಟ್ಟಗಿನ ಕಡಿದಾದ ಗೋಡೆಗಳೂ ಉಂಟಾದುವು. ಆ ಗೋಡೆಗಳ ಬಿರುಕುಗಳಲ್ಲಿ ಬೆರಳು ತುರುಕಿ ಮೇಲೇರುವ ವಿದ್ಯೆಯನ್ನು ಕಲಿಯಲು ಬೆಂಗಳೂರಿನ ಸಾಹಸಪ್ರಿಯರು ಬಹುಕಾಲದಿಂದ ಇಲ್ಲಿಗೆ ಬರುತ್ತಿದ್ದಾರೆ.

ನಾನೂರರಷ್ಟು ಮೆಟ್ಟಿಲುಗಳನ್ನು ಹತ್ತಿದರೆ ಗುಡಿ. ಸೀತೆಯನ್ನು ಪೀಡಿಸಿದ ಕಾಕಾಸುರನನ್ನು ರಾಮನು ದಂಡಿಸಿದ್ದು ಇಲ್ಲಿಯೇ ಎಂದೂ, ಗುಡಿಯ ವಿಗ್ರಹವನ್ನು ಸುಗ್ರೀವನು ಪ್ರತಿಷ್ಠಿಸಿದನೆಂದೂ ಸ್ಥಳಪುರಾಣವು ಹೇಳುತ್ತದೆ. ಬಂಡೆಯ ಮಗ್ಗುಲಲ್ಲಿ ಮಳೆನೀರು ನಿಂತ ದೊಣೆಯುಂಟು, ಅದು ರಾಮತೀರ್ಥ. ಶೋಲೆಯನ್ನು ಅರಸಿ ಬಂದ ಗುಂಪುಗಳಲ್ಲಿಯೂ ಇಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ತೀರ್ಥ ತೆಗೆದುಕೊಳ್ಳುವವರೇ ಹೆಚ್ಚು. ಗಬ್ಬರನಿಗೂ ರಾಮನಿಗೂ ಒಂದೇ ಬೆಳಗಿನಲ್ಲಿ ಸಲ್ಲಬೇಕಾದುದನ್ನು ಸಲ್ಲಿಸಿ ಇಳಿಯುವ ಆ ಔದಾರ್ಯವು ನಮ್ಮ ಜನಕ್ಕೆ ಸಹಜವಾದುದು.

ಗುಡಿಯ ಸುತ್ತಿನಿಂದ ಎದುರಿನ ಕಡಿದಾದ ಬಂಡೆಯನ್ನು ನೋಡಿದರೆ, ಸುಣ್ಣವನ್ನು ಮೇಲಿನಿಂದ ಸುರಿದಂತೆ ಬಿಳಿಯ ಗೆರೆಗಳು ಇಳಿದಿರುವುದು ಕಾಣುತ್ತದೆ. ಅವು ರಣಹದ್ದುಗಳ ಹಿಕ್ಕೆ. ಗೆರೆ ಎಲ್ಲಿ ಆರಂಭವಾಗುವುದೋ ಅಲ್ಲಿ ಬಂಡೆಯ ಚಾಚಿನ ಮೇಲೆ, ಮನುಷ್ಯನ ಕೈಯಾಗಲಿ ಚಿರತೆಯ ಕಾಲಾಗಲಿ ತಲುಪಲಾರದ ಎಡೆಯಲ್ಲಿ, ಕಡ್ಡಿಗಳನ್ನು ಪೇರಿಸಿದ ಗೂಡು ಇರುತ್ತದೆ. ಉದ್ದಕೊಕ್ಕಿನ ರಣಹದ್ದು ಮರಕ್ಕಿಂತ ಬಂಡೆಯನ್ನೇ ನೆಚ್ಚಿ ಬಾಳುವ ಪಕ್ಷಿ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಬಿಸಿಲು ಏರಿ ಬಂಡೆ ಕಾದು, ಗಾಳಿ ಮೇಲೇಳುವ ಹೊತ್ತಿಗೆ ಅದು ಚಾಚಿನಿಂದ ಸುಮ್ಮನೆ ಮುಂದಕ್ಕೆ ಒರಗಿ ಬೀಳುತ್ತದೆ. ಅನಂತರ ರೆಕ್ಕೆಯನ್ನು ಒಮ್ಮೆಯೂ ಬಡಿಯದೆ, ಆ ಬಿಸಿಗಾಳಿಯ ಸುಳಿಯಲ್ಲಿ ಸುತ್ತುಸುತ್ತಾಗಿ ಏರಿ ಚುಕ್ಕೆಯಾಗುತ್ತದೆ. ಶೋಲೆಯ ತಂಡವು ಇಲ್ಲಿದ್ದ ಕಾಲಕ್ಕೆ ಹಳ್ಳಿಯ ಹೊರಗೆ ದನ ಸತ್ತರೆ ರಣಹದ್ದುಗಳ ಹಿಂಡು ಇಳಿಯುವುದು ದೇಶದಲ್ಲೆಲ್ಲ ನಿತ್ಯದ ದೃಶ್ಯವಾಗಿದ್ದಿತು. ಆಮೇಲೆ ದನಗಳ ನೋವು ಬಾವುಗಳಿಗೆ ಡೈಕ್ಲೊಫಿನ್ಯಾಕ್ ಎಂಬ ಔಷಧವನ್ನು ಚುಚ್ಚುವ ಪದ್ಧತಿ ಬಂದಿತು. ಆ ಔಷಧವಿದ್ದ ಹೆಣವನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತುವು. ಒಂದೆರಡು ದಶಕಗಳಲ್ಲಿ ದೇಶದ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಅಳಿದುಹೋದುವು. 2006ರಲ್ಲಿ ಪಶುಗಳಿಗೆ ಆ ಔಷಧವನ್ನು ನಿಷೇಧಿಸಿದರು. ಆ ಹೊತ್ತಿಗೆ ತಡವಾಗಿದ್ದಿತು.

ಉಳಿದ ಬೆರಳೆಣಿಕೆಯ ಹಕ್ಕಿಗಳು ಈ ಬಂಡೆಯಲ್ಲಿ ಗೂಡುಕಟ್ಟುತ್ತಿರುವುದನ್ನು ಕಂಡು, 2012ರಲ್ಲಿ ಸರ್ಕಾರವು ಇಲ್ಲಿಯ 346 ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಿತು; ಈ ಪಕ್ಷಿಗಾಗಿ ಮೀಸಲಾದ ಅಭಯಾರಣ್ಯವು ಭಾರತದಲ್ಲಿ ಇದೇ ಮೊದಲು. ಕರಡಿ, ಚಿರತೆಗಳಿಗೂ, ಬಂಡೆಗಾಡಿನ ಕುರುಚಲನ್ನು ಬಿಟ್ಟು ಬೇರೆಡೆ ಬದುಕದ ಹಳದಿ ಕೊರಳಿನ ಪಿಕಳಾರಕ್ಕೂ ಅದರಿಂದ ಆಶ್ರಯ ದೊರೆಯಿತು. ಸೀತೆಗಾಗಿ ಹೋರಾಡಿ ರೆಕ್ಕೆ ಕಳೆದುಕೊಂಡ ಜಟಾಯುವಿನ ಕುಲಕ್ಕೆ ರಾಮನ ಹೆಸರಿನ ಬೆಟ್ಟವೇ ಕಡೆಯ ನೆಲೆಗಳಲ್ಲೊಂದಾದುದನ್ನು ಯಾವ ಚಿತ್ರಕಥೆಗಾರನು ಕಲ್ಪಿಸಿದ್ದರೂ ಅತಿಯಾಯಿತೆಂದು ನಾವು ಆಕ್ಷೇಪಿಸುತ್ತಿದ್ದೆವು.

ಆದರೆ ಗಬ್ಬರನೂ ಸುಲಭವಾಗಿ ಸೋಲುವವನಲ್ಲ. ಕೆಲವು ವರ್ಷಗಳ ಹಿಂದೆ ಶೋಲೆಯ ಹಳ್ಳಿಯನ್ನು ಯಂತ್ರಗಳ ಮಾಯೆಯಿಂದ ಪುನಃ ಸೃಷ್ಟಿಸಿ ಪ್ರವಾಸಿಗಳಿಗೆ ತೋರಿಸಬೇಕೆಂಬ ಯೋಜನೆಯ ಮಾತು ಎದ್ದಿತ್ತು; ಪಕ್ಷಿಗಳ ಪರವಾಗಿ ನಿಂತವರು ಅದನ್ನು ವಿರೋಧಿಸಿದರು. ವಿರೋಧಿಸಿದವರ ಪಕ್ಷದಲ್ಲಿ ನ್ಯಾಯವಿದೆಯೆಂದೇ ನಾನು ಭಾವಿಸುತ್ತೇನೆ. ಜನಪ್ರಿಯ ಚಿತ್ರವೊಂದು ಕಾಲಿಟ್ಟ ಸ್ಥಳಕ್ಕೆ ಏನಾಗಬಹುದೆಂಬುದಕ್ಕೆ ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು ನೋಡಿದರೆ ಸಾಕು. 2000ದಲ್ಲಿ ಬಂದ ‘ದಿ ಬೀಚ್’ ಎಂಬ ಚಿತ್ರದಲ್ಲಿ ಆ ಪುಟ್ಟ ಕಡಲತೀರವನ್ನು ಕಂಡು ಮರುಳಾದ ಜನ, ದಿನಕ್ಕೆ ಸಾವಿರಾರು ಸಂಖ್ಯೆಯಲ್ಲಿ ದೋಣಿಗಳಲ್ಲಿ ಬಂದಿಳಿದು, ಲಂಗರು ಎಸೆದೆಸೆದು ಹವಳದ ದಿಬ್ಬಗಳನ್ನು ಪುಡಿಗೈದರು. 2018ರಲ್ಲಿ ಅಲ್ಲಿಯ ಸರ್ಕಾರವು ಕೊಲ್ಲಿಯನ್ನೇ ಮುಚ್ಚಿ, 2022ರವರೆಗೆ ತೆರೆಯಲಿಲ್ಲ. ನ್ಯೂಜಿಲೆಂಡಿನವರು ಜಾಣರು. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗಾಗಿ ಮಾಟಮಾಟಾ ಊರಿನ ಬಳಿ ಕುರಿಗಳ ಫಾರಮ್ಮಿನಲ್ಲಿ ಕಟ್ಟಿದ್ದ ಕುಳ್ಳರ ಹಳ್ಳಿಯು ತಾತ್ಕಾಲಿಕವಾದುದಾಗಿದ್ದಿತು. ಮತ್ತೊಂದು ಚಿತ್ರಮಾಲಿಕೆಗೆ ಬೇಕಾದಾಗ ಅದನ್ನು ಶಾಶ್ವತವಾಗಿಯೇ ಕಟ್ಟಿ, ಟಿಕೆಟ್ಟು ಇಟ್ಟು, ಗುಂಪುಗುಂಪಾಗಿ ಮಾರ್ಗದರ್ಶಕರೊಡನೆ ಒಳಗೆ ಬಿಡುತ್ತಾರೆ. ಅಲ್ಲಿ ಕಾಡುಪ್ರಾಣಿಯ ಮನೆಗೆ ನುಗ್ಗಿದ ಪಾಪವಿಲ್ಲ. ಮೊದಲೇ ಅದು ಹುಲ್ಲುಗಾವಲು. ನಮ್ಮಲ್ಲಿಯೂ ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಂಡ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆಯವರು ಕೆಡವದೆ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವನ್ನಾಗಿ ಮಾಡಿರುವುದು ಮೆಚ್ಚತಕ್ಕ ಕೆಲಸ. ಕಟ್ಟಡವನ್ನು ಉಳಿಸಿದರೆ ಯಾರಿಗೂ ಬಾಧೆಯಿಲ್ಲ. ಹದ್ದಿನ ಗೂಡಿನ ಕೆಳಗೆ ಕಟ್ಟಡವನ್ನು ಎಬ್ಬಿಸುವುದು ಬೇರೆಯ ಮಾತು.

ಹಳ್ಳಿಯನ್ನೇ ನೋಡಬೇಕೆಂಬ ಆಸೆಯುಳ್ಳವರಿಗೆ ರಾಮನಗರದಲ್ಲಿಯೇ ಬೇರೊಂದು ಎಡೆಯಿದೆ. ಅದರ ಮುಂದೆ ಹಾದುಹೋಗುವ ಶೋಲೆ ಯಾತ್ರಿಕರಲ್ಲಿ ಒಳಹೊಕ್ಕು ನೋಡುವವರು ಎಷ್ಟು ಮಂದಿಯೋ. ಹಳೆಯ ಮೈಸೂರು ರಸ್ತೆಯ ಬದಿಯಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವು 15 ಎಕರೆಯಲ್ಲಿ ಹರಡಿಕೊಂಡಿದ್ದು, 1994ರಲ್ಲಿ ಜನರಿಗೆ ತೆರೆಯಿತು. ನೇಗಿಲು, ಕೂರಿಗೆ, ಒನಕೆ, ವಾಡೆ, ಬೀಸುಕಲ್ಲು, ಏತ, ತೊಗಲುಗೊಂಬೆ, ಸೋಮನ ಮುಖ ಮೊದಲಾಗಿ, ನಿಜವಾದ ಹಳ್ಳಿಗಳಲ್ಲಿ ನಿಜವಾದ ಕೈಗಳು ಸವೆಸಿದ ವಸ್ತುಗಳನ್ನು ಆ ಮಹನೀಯರು ಊರೂರು ಅಲೆದು ಕೂಡಿಹಾಕಿದರು. ಬೆಟ್ಟದ ಬುಡದಲ್ಲಿ ಗಾರೆ ಬಣ್ಣಗಳಿಂದ ಎದ್ದ ಸುಳ್ಳು ಹಳ್ಳಿಯು ಸ್ವಲ್ಪ ಕಾಲ ಬಾಳಿ ಜಗತ್ಪ್ರಸಿದ್ಧವಾಯಿತು; ಅದಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ ನಿಜವಾದ ಹಳ್ಳಿಯ ಸಾಮಾನುಗಳು ಮೂರು ದಶಕಗಳಿಂದ ನೋಡುವವರನ್ನು ಕಾಯುತ್ತಿವೆ. ಇದರಲ್ಲಿ ಸಿನಿಮಾದವರ ತಪ್ಪೇನೂ ಇಲ್ಲ. ಅವರು ತಮ್ಮ ಕಸುಬನ್ನು ಚೆನ್ನಾಗಿ ಮಾಡಿದರು. 2025ರಲ್ಲಿ ಇಟಲಿಯ ಬೊಲೊನ್ಯಾ ನಗರದ ಚಿತ್ರೋತ್ಸವದಲ್ಲಿ, ಅಂದು ಸೆನ್ಸಾರಿನವರು ಬದಲಾಯಿಸಿದ್ದ ಮೂಲ ಅಂತ್ಯದೊಡನೆ ಶೋಲೆಯ ಜೀರ್ಣೋದ್ಧಾರಗೊಂಡ ಪ್ರತಿಯನ್ನು ತೋರಿಸಿದಾಗ, ಠಾಕೂರನು ಪೊಲೀಸರಿಗೆ ಒಪ್ಪಿಸದೆ ತಾನೇ ಗಬ್ಬರನನ್ನು ತುಳಿದು ಕೊಲ್ಲುವುದನ್ನು ಪರದೇಶದವರು ನಮ್ಮ ಬಂಡೆಗಳ ಹಿನ್ನೆಲೆಯಲ್ಲಿಯೇ ಕಂಡರು.

ಹೊರಡಲು ಮನಸ್ಸು ಮಾಡಿದವರಿಗೆ ಕೆಲವು ಮಾತು. 2023ರಲ್ಲಿ ತೆರೆದ ಹೊಸ ಹೆದ್ದಾರಿಯು ರಾಮನಗರವನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಅದನ್ನು ಹಿಡಿದವರು ಊರನ್ನೂ ಇಲ್ಲಿಯ ಹೋಟೆಲುಗಳನ್ನೂ ಕಾಣದೆ ಮೈಸೂರನ್ನು ಸೇರುವರು. ಆದ್ದರಿಂದ ಹಳೆಯ ರಸ್ತೆಯನ್ನಾಗಲಿ, ಅದಕ್ಕಿಂತ ಮೇಲಾಗಿ ಬೆಳಗಿನ ರೈಲನ್ನಾಗಲಿ ಆಶ್ರಯಿಸುವುದು ಒಳ್ಳೆಯದು. ಬೆಂಗಳೂರಿನಿಂದ ಐವತ್ತು ಕಿಲೋಮೀಟರು. ನಿಲ್ದಾಣದಿಂದ ಬೆಟ್ಟದ ದ್ವಾರಕ್ಕೆ ಆಟೋ ಸಿಗುತ್ತದೆ, ಅಲ್ಲಿ ಅರಣ್ಯ ಇಲಾಖೆಯವರಿಗೆ ಪ್ರವೇಶ ಶುಲ್ಕವನ್ನು ಕೊಟ್ಟು ಒಳಗೆ ಹೋಗಬೇಕು. ಕುಡಿಯುವ ನೀರನ್ನು ಕೊಂಡೊಯ್ದು ಖಾಲಿ ಬಾಟಲಿಯನ್ನು ಮರಳಿ ತನ್ನಿ. ದುರ್ಬೀನು ಇದ್ದರೆ ಮರೆಯದೆ ತೆಗೆದುಕೊಂಡು ಹೋಗಿ. ಪ್ರವಾಸಕ್ಕೆ ಹಿತವಾದ ಚಳಿಗಾಲದ ತಿಂಗಳುಗಳೇ ರಣಹದ್ದುಗಳು ಮೊಟ್ಟೆಯಿಟ್ಟು ಮರಿಮಾಡುವ ತಿಂಗಳುಗಳೂ ಆಗಿವೆ. ಗಬ್ಬರನ ಸಂಭಾಷಣೆಯನ್ನು ಹೇಳದೆ ಇರಲಾರದವರು ದಯವಿಟ್ಟು ಅದನ್ನು ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿಯೇ ಹೇಳಿ ಮುಗಿಸಿ, ಆಮೇಲೆ ಮೆಟ್ಟಿಲು ಹತ್ತಬೇಕು.